ಕೆಂಪು ಎಲ್ಲಿತ್ತು?

ಬನದ ಹುಣ್ಣಿಮೆಯ ದಿನ ಸವದತ್ತಿಯ ಎಲ್ಲಮ್ಮನಗುಡ್ಡದಲ್ಲಿ ಹಳದಿ ಬಿಟ್ಟು ಬೇರೆ ಬಣ್ಣ ಬೇಕೆಂದರೆ ಹುಡುಕಬೇಕು. ಕಿತ್ತೂರು ಕಡೆಯಿಂದ ಬಂದ ಟ್ರ್ಯಾಕ್ಟರು, ರಾಮದುರ್ಗದ ಕಡೆಯಿಂದ ಬಂದ ಚಕ್ಕಡಿಯ ಎತ್ತಿನ ಕೊಂಬು, ಬೈಲಹೊಂಗಲದ ಹೆಣ್ಣುಮಕ್ಕಳ ಸೆರಗು, ದೇವಿಯನ್ನು ಹೊರುವ ಪಡ್ಡಲಗಿ ಬುಟ್ಟಿಯ ಅಂಚು, ಎಲ್ಲದರ ಮೇಲೂ ಭಂಡಾರ. ‘ಉಧೋ ಉಧೋ’ ಎಂದು ಯಾರೋ ಕೂಗುತ್ತಲೇ ನಾಲ್ಕು ದಿಕ್ಕಿನಿಂದ ಹಿಡಿ ಹಿಡಿ ಅರಿಶಿಣ ಮೇಲೇಳುತ್ತದೆ. ಗಾಳಿಯಲ್ಲಿ ಒಂದು ಗಳಿಗೆ ನಿಂತಂತೆ ಮಾಡಿ, ಬೆವತ ಕುತ್ತಿಗೆಗಳ ಮೇಲೆ ಇಳಿದು ಅಂಟಿಕೊಳ್ಳುತ್ತದೆ. ಅದನ್ನು ಒರೆಸಿಕೊಳ್ಳುವವರು ಯಾರೂ ಇಲ್ಲ.

ಗುಡ್ಡದ ಕಥೆಯೂ ಚರ್ಮದ ಕಥೆಯೇ. ಗಂಡ ಜಮದಗ್ನಿಯ ಶಾಪಕ್ಕೆ ಸಿಕ್ಕು ಮೈತುಂಬ ರೋಗ ಹತ್ತಿದ ರೇಣುಕೆ, ಅಂದರೆ ಈ ಗುಡ್ಡದ ಎಲ್ಲಮ್ಮ, ಕಾಡು ಸೇರುತ್ತಾಳೆ. ಏಕಯ್ಯ, ಜೋಗಯ್ಯ ಎಂಬ ಇಬ್ಬರು ಸಾಧುಗಳು ದಾರಿ ತೋರಿಸುತ್ತಾರೆ. ನೀರಲ್ಲಿ ಮಿಂದು ಮೊದಲಿನ ಮೈ ಪಡೆಯುತ್ತಾಳೆ. ಇಂದಿಗೂ ಜೋಗುಳಬಾವಿಯಲ್ಲಿ ಸ್ನಾನ ಮಾಡದೆ ಗುಡ್ಡ ಹತ್ತುವುದು ಭಕ್ತರಿಗೆ ಒಗ್ಗುವುದಿಲ್ಲ. ರೋಗ, ನೀರು, ಅರಿಶಿಣ ಇವು ಮೂರೂ ಇಲ್ಲಿ ಒಂದೇ ಕಥೆಯೊಳಗೆ ಬಾಳುತ್ತಿವೆ.

ಈ ಕಥೆಗೆ ಇತ್ತೀಚೆಗೆ ಹೊಸ ಬಾಲವೊಂದು ಬೆಳೆದಿದೆ. ಮೊಬೈಲಿನಿಂದ ಮೊಬೈಲಿಗೆ ಹಾರುವ ಆ ಮಾತು ಎಲ್ಲರಿಗೂ ಪರಿಚಿತ: ‘ಅರಿಶಿಣ ಕ್ರಿಮಿನಾಶಕ. ಜಾತ್ರೆಯಲ್ಲಿ ರೋಗ ಹರಡಬಾರದೆಂದೇ ಹಿರಿಯರು ಭಂಡಾರ ತೂರುವ ಪದ್ಧತಿ ಮಾಡಿದರು. ಪ್ರತಿ ಆಚರಣೆಯ ಹಿಂದೆಯೂ ವಿಜ್ಞಾನವಿದೆ.’ ಓದಿದ ಭಕ್ತನಿಗೆ ಇದರಿಂದ ಸಮಾಧಾನ. ಕಾಲೇಜಿನಲ್ಲಿ ಪಕ್ಕದವನು ನಕ್ಕರೆ ಕೊಡಲು ಒಂದು ಉತ್ತರ. ನಂಬದವನದು ಇನ್ನೊಂದು ಮಾತು: ಕ್ರಿಮಿ ಕೊಲ್ಲುವುದೇ ಉದ್ದೇಶವಾದರೆ ಸಾಬೂನು ಸಾಕಲ್ಲ, ಗುಡ್ಡ ಯಾಕೆ? ಇಬ್ಬರೂ ಜಗಳವಾಡುತ್ತಿರುವಂತೆ ಕಂಡರೂ ಒಂದು ವಿಷಯದಲ್ಲಿ ಅವರದು ಒಂದೇ ಮತ. ಭಂಡಾರದ ಬೆಲೆ ಏನಿದ್ದರೂ ಅದು ಪುಡಿಯ ಒಳಗೇ ಇದೆ, ಡಬ್ಬಿಯೊಳಗೆ ಸಕ್ಕರೆ ಇದ್ದಂತೆ ಎಂದು ಇಬ್ಬರೂ ಒಪ್ಪಿದ್ದಾರೆ.

ಒಪ್ಪಬಹುದೇ ಎಂಬುದೇ ಪ್ರಶ್ನೆ.

ಪುಡಿಯ ಒಳಗೆ ಏನಿದೆ ಎಂದು ನೋಡಿದವರು ಬಹಳ ಮಂದಿ. 1815ರಲ್ಲಿ ವೋಗೆಲ್ ಮತ್ತು ಪೆಲೆಟಿಯೆ ಅರಿಶಿಣದಿಂದ ಹಳದಿ ವಸ್ತುವನ್ನು ಬೇರ್ಪಡಿಸಿ ಕರ್ಕ್ಯುಮಿನ್ ಎಂದರು. ಅದರ ಅಣುರಚನೆ ಗೊತ್ತಾಗಲು 1910ರವರೆಗೆ ಕಾಯಬೇಕಾಯಿತು. ಅದು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆಂಬ ವರದಿ 1949ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ, ಗಾಯಕ್ಕೆ ಅರಿಶಿಣ ಹಚ್ಚುವುದರ ಮೇಲೆ ಪೇಟೆಂಟೇ ಸಿಕ್ಕಿಬಿಟ್ಟಿತು. ಆಗ ಭಾರತದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನ ಮುಖ್ಯಸ್ಥರಾಗಿದ್ದ ರಘುನಾಥ ಮಾಶೇಲ್ಕರ್ ತಕರಾರು ಹೂಡಿಸಿದರು. ಹಳೆಯ ಸಂಸ್ಕೃತ ಗ್ರಂಥಗಳಿಂದ ಹಿಡಿದು 1953ರ ಭಾರತೀಯ ವೈದ್ಯಕೀಯ ಲೇಖನದವರೆಗೆ ಸಾಕ್ಷಿಗಳನ್ನು ಮುಂದಿಟ್ಟ ಮೇಲೆ 1997ರಲ್ಲಿ ಪೇಟೆಂಟ್ ರದ್ದಾಯಿತು. ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ ಸರಿ ಎಂದು ಅಮೆರಿಕದ ಕಚೇರಿ ಮುದ್ರೆ ಒತ್ತಿದಂತಾಯಿತು.

ಆದರೆ ಮುದ್ರೆ ಒತ್ತಿಸಿಕೊಂಡವರು ಮುಂದಿನ ಪುಟವನ್ನೂ ಓದಬೇಕು. 2017ರಲ್ಲಿ ಅಮೆರಿಕದ ಔಷಧ ರಸಾಯನಶಾಸ್ತ್ರಜ್ಞರ ತಂಡವೊಂದು ಕರ್ಕ್ಯುಮಿನ್ ಕುರಿತ ಸಾವಿರಾರು ಪ್ರಬಂಧಗಳನ್ನು ಜಾಲಾಡಿತು. ಇದು ಬೇಗ ಒಡೆದುಹೋಗುವ ಅಣು. ಹೊಟ್ಟೆಗೆ ಹೋದರೂ ರಕ್ತ ಸೇರುವುದು ಅತ್ಯಲ್ಪ. ಪ್ರಯೋಗಾಲಯದ ಎಷ್ಟೋ ಪರೀಕ್ಷೆಗಳಲ್ಲಿ ಕೆಲಸ ಮಾಡದೆಯೂ ಮಾಡಿದಂತೆ ತೋರಿಸಿ ಮೋಸಗೊಳಿಸುತ್ತದೆ. ಸರಿಯಾದ ಕಟ್ಟುನಿಟ್ಟಿನ ಮಾನವ ಪ್ರಯೋಗದಲ್ಲಿ ಇದು ಗೆದ್ದ ಉದಾಹರಣೆ ಇಲ್ಲ ಎಂದು ತೀರ್ಮಾನಿಸಿತು. ಅರಿಶಿಣದ ತೂಕದಲ್ಲಿ ಕರ್ಕ್ಯುಮಿನ್ ಇರುವುದೇ ನೂರಕ್ಕೆ ಮೂರರ ಆಸುಪಾಸು, ಅದೂ ನೀರಿನಲ್ಲಿ ಕರಗದು. ಗುಡ್ಡದ ಗಾಳಿಯಲ್ಲಿ ತೂರಿದ ಹಿಡಿ ಪುಡಿ ಜಾತ್ರೆಯ ರೋಗಾಣುಗಳನ್ನು ಸಂಹರಿಸುತ್ತದೆ ಎನ್ನುವುದು ರಸಾಯನಶಾಸ್ತ್ರಕ್ಕೂ ಎಲ್ಲಮ್ಮನಿಗೂ ಹೊರಿಸುವ ಹೆಚ್ಚಿನ ಹೊರೆ. ಪ್ರಮಾಣಪತ್ರಕ್ಕೆ ನಂಬಿಕೆಯನ್ನು ನೇತುಹಾಕಿದವನು ಪತ್ರ ಹರಿದಾಗ ಏನು ಮಾಡಬೇಕು?

ಪ್ರಯೋಗಾಲಯ ಬಿಟ್ಟು ಪಡಸಾಲೆಗೆ ಬಂದರೆ ಇದಕ್ಕಿಂತ ಹಳೆಯ, ಇದಕ್ಕಿಂತ ಚೂಪಾದ ಪ್ರಶ್ನೆಯೊಂದು ಆರತಿ ತಟ್ಟೆಯಲ್ಲಿ ಕಾಯುತ್ತಿರುತ್ತದೆ. ಮದುಮಕ್ಕಳು ಹೊಸ್ತಿಲಿಗೆ ಬಂದಾಗ, ಬಾಣಂತಿ ಮಗುವಿನೊಡನೆ ಮನೆ ಸೇರಿದಾಗ, ತಟ್ಟೆಯ ನೀರಿಗೆ ಚಿಟಿಕೆ ಅರಿಶಿಣ ಹಾಕಿ, ಬೆರಳ ತುದಿಯಷ್ಟು ಸುಣ್ಣ ಕದಡುತ್ತಾರೆ. ನೀರು ಕಣ್ಣೆದುರೇ ರಕ್ತದ ಬಣ್ಣಕ್ಕೆ ತಿರುಗುತ್ತದೆ. ಬೈಲಹೊಂಗಲದ ಯಾವ ಮನೆಯಲ್ಲಾದರೂ ಆಗಬಹುದಾದ ಮಾತುಕತೆ ಇದು:

‘ಹಳದೀನೂ ಕೆಂಪಿಲ್ಲ, ಸುಣ್ಣಾನೂ ಕೆಂಪಿಲ್ಲ. ಈ ಕೆಂಪು ಎಲ್ಲಿಂದ ಬಂತು ಆಯೀ?’

‘ಎರಡೂ ಕೂಡಿದ್ವಲ್ಲವಾ, ಅದಕ್ಕ ಬಂತು.’

ಆಯಿಯ ಉತ್ತರಕ್ಕೆ ಈ ನೆಲದ ದರ್ಶನಕಾರರು ಸಾವಿರ ವರ್ಷ ಬಡಿದಾಡಿದ್ದಾರೆ. ಇಲ್ಲದ್ದು ಹುಟ್ಟಲಾರದು, ಎಣ್ಣೆ ಎಳ್ಳಿನೊಳಗೆ ಮೊದಲೇ ಇದ್ದಂತೆ ಕಾರ್ಯವೆಂಬುದು ಕಾರಣದೊಳಗೆ ಅಡಗಿಯೇ ಇತ್ತು ಎಂದರು ಸಾಂಖ್ಯರು. ಇಲ್ಲ, ಮೊದಲಿಲ್ಲದ್ದು ಹೊಸದಾಗಿಯೇ ಹುಟ್ಟುತ್ತದೆ ಎಂದು ಕಣಾದನ ವೈಶೇಷಿಕರು ಪಟ್ಟು ಹಿಡಿದರು. ಹಸಿ ಮಡಕೆ ಆವಿಗೆಯಲ್ಲಿ ಬೆಂದು ಕೆಂಪಾಗುತ್ತದಲ್ಲ, ಆಗ ಬಣ್ಣ ಬದಲಾಗುವುದು ಮಡಕೆಯದೋ ಅದರ ಅಣುಗಳದೋ ಎಂದು ಅವರಿಗೂ ನೈಯಾಯಿಕರಿಗೂ ಜಗಳ. ಮಡಕೆ ಅಣು ಅಣುವಾಗಿ ಬಿಡಿಬಿಡಿಯಾಗಿ, ಬಣ್ಣ ಪಡೆದು, ಮತ್ತೆ ಕೂಡುತ್ತದೆ ಎನ್ನುವುದು ವೈಶೇಷಿಕರ ಪೀಲುಪಾಕ. ಇಡೀ ಮಡಕೆ ಇದ್ದ ಹಾಗೇ ಬಣ್ಣ ಬದಲಿಸುತ್ತದೆ ಎನ್ನುವುದು ನೈಯಾಯಿಕರ ಪಿಠರಪಾಕ. ಕುಂಬಾರನ ಆವಿಗೆ ಇವರಿಗೆ ತರ್ಕದ ಅಖಾಡವಾಗಿತ್ತು.

ಎಲ್ಲರಿಗಿಂತ ಧೈರ್ಯ ಮಾಡಿದವರು ಚಾರ್ವಾಕರು. ಅವರ ಮಾತು ಉಳಿದದ್ದು ಹೆಚ್ಚಾಗಿ ವಿರೋಧಿಗಳ ಗ್ರಂಥಗಳಲ್ಲಿ. ಎಲೆ ಹಸಿರು, ಅಡಿಕೆ ಕಂದು, ಸುಣ್ಣ ಬಿಳಿ. ಮೂರನ್ನೂ ಅಗಿದರೆ ಬಾಯಿ ಕೆಂಪು. ಹಾಗೆಯೇ ಮಣ್ಣು ನೀರು ಗಾಳಿ ಬೆಂಕಿ ಕೂಡಿದಾಗ ಚೈತನ್ಯ ಹುಟ್ಟುತ್ತದೆ, ಬೇರೆ ಆತ್ಮ ಬೇಕಿಲ್ಲ ಎಂದು ಅವರ ವಾದ. ಅಂದರೆ ಶುಭಕ್ಕೆಂದು ಎತ್ತುವ ಆರತಿಯ ತಟ್ಟೆಯಲ್ಲೇ ನಾಸ್ತಿಕನ ಅತಿ ಗಟ್ಟಿ ದೃಷ್ಟಾಂತ ಕದಡಿಕೊಂಡಿದೆ. ಅದನ್ನು ಎತ್ತುವ ಮುತ್ತೈದೆಗೆ ಅದರ ಗೊಡವೆ ಇಲ್ಲ.

ಈ ವಾದಕ್ಕೆ ಸವದತ್ತಿಯದೇ ಒಂದು ಉತ್ತರವೂ ಉಂಟು. ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ; ಅದು ರಟ್ಟರ ರಾಜಧಾನಿ. ಅವರು ಬೆಳಗಾವಿಗೆ, ಅಂದಿನ ವೇಣುಗ್ರಾಮಕ್ಕೆ ರಾಜಧಾನಿ ಬದಲಿಸುವ ಮೊದಲು ಇಲ್ಲಿ ಜಿನಾಲಯಗಳನ್ನು ಕಟ್ಟಿಸಿದರು, ದಾನ ಕೊಟ್ಟರು, ಶಾಸನ ಬರೆಸಿದರು. ಆ ಜೈನರು ಸಾಂಖ್ಯ, ವೈಶೇಷಿಕ ಎರಡು ಪಕ್ಷಗಳನ್ನೂ ಅರ್ಧರ್ಧ ಒಪ್ಪುತ್ತಾರೆ. ದ್ರವ್ಯ ನಿಲ್ಲುತ್ತದೆ, ಪರ್ಯಾಯ, ಎಂದರೆ ಅದರ ರೂಪ, ಬದಲಾಗುತ್ತದೆ. ಹುಟ್ಟುವುದು, ಅಳಿಯುವುದು, ಉಳಿಯುವುದು ಮೂರೂ ಒಂದೇ ವಸ್ತುವಿನಲ್ಲಿ ಒಂದೇ ಗಳಿಗೆಯಲ್ಲಿ ನಡೆಯುತ್ತಿವೆ. ಅರಿಶಿಣ ಉಳಿಯಿತು, ಹಳದಿ ಅಳಿಯಿತು, ಕೆಂಪು ಹುಟ್ಟಿತು.

ಈ ಹಳೆಯ ಜಗಳಕ್ಕೆ ಹೊಸ ಸಾಕ್ಷಿಯೊಂದು ಬಂದದ್ದು ಪ್ಲಾಸ್ಟಿಕ್ಕಿನ ಜಾತಿಯಿಂದ. ಅದರ ಹೆಸರಲ್ಲೇ ನಮ್ಮ ಮಾತೊಂದು ಅಡಗಿ ಕೂತಿದೆ. 1826ರಲ್ಲಿ ನೀಲಿಗಿಡದ ಬಣ್ಣವನ್ನು ಕಾಸಿ ಎಣ್ಣೆಯಂಥ ದ್ರವವೊಂದನ್ನು ಇಳಿಸಿದರು. 1840ರ ಹೊತ್ತಿಗೆ ಅದಕ್ಕೆ ಅನಿಲಿನ್ ಎಂಬ ಹೆಸರಾಯಿತು. ಸಂಸ್ಕೃತದ ‘ನೀಲ’ ಅರಬ್ಬಿ, ಪೋರ್ಚುಗೀಸ್ ನಾಲಿಗೆಗಳ ಮೇಲೆ ಹಾಯ್ದು ‘ಅನಿಲ್’ ಆಗಿತ್ತು. 1862ರಲ್ಲಿ ಲಂಡನ್ನಿನ ವೈದ್ಯ ಹೆನ್ರಿ ಲೆತ್‌ಬಿ ಅನಿಲಿನ್ ದ್ರಾವಣದಲ್ಲಿ ವಿದ್ಯುತ್ ಹರಿಸಿದಾಗ ವಿದ್ಯುದ್ವಾರದ ಮೇಲೆ ನೀಲಿ-ಹಸಿರು ಪದರ ಕೂತಿತು. ಅನಿಲಿನ್ ಅಣುಗಳು ಕೈ ಕೈ ಹಿಡಿದು ಉದ್ದನೆಯ ಸರಪಳಿಯಾಗಿದ್ದವು. ಇಂದು ಅದನ್ನು ಪಾಲಿಅನಿಲಿನ್ ಎನ್ನುತ್ತಾರೆ.

ನೂರು ವರ್ಷ ಅದನ್ನು ಕೇಳುವವರು ಕಡಿಮೆ. ಪ್ಲಾಸ್ಟಿಕ್ ಎಂದರೆ ವಿದ್ಯುತ್ ತಡೆಯುವುದು, ಅದಕ್ಕೇ ತಂತಿಗೆ ಸುತ್ತುವುದು ಎಂದು ಲೋಕ ನಂಬಿತ್ತು. 1977ರಲ್ಲಿ ಜಪಾನಿನ ಶಿರಾಕಾವ, ಅಮೆರಿಕದ ಹೀಗರ್, ನ್ಯೂಜಿಲೆಂಡಿನಲ್ಲಿ ಹುಟ್ಟಿದ ಮ್ಯಾಕ್‌ಡೈರ್ಮಿಡ್ ಸೇರಿ ಪಾಲಿಅಸಿಟಿಲೀನ್ ಎಂಬ ಹಾಳೆಗೆ ಅಯೊಡಿನ್ ಹಬೆ ತಾಗಿಸಿದಾಗ ಅದರ ವಾಹಕತೆ ಕೋಟಿ ಪಟ್ಟು ಏರಿತು. 2000ನೇ ಇಸವಿಯ ರಸಾಯನಶಾಸ್ತ್ರದ ನೊಬೆಲ್ ಮೂವರಿಗೂ ಬಂತು. ಮುಂದೆ ಮ್ಯಾಕ್‌ಡೈರ್ಮಿಡ್ ಹಳೆಯ ಪಾಲಿಅನಿಲಿನ್‌ಗೆ ಹೊಸ ಜೀವ ಕೊಟ್ಟರು. ನಮ್ಮಲ್ಲೂ ಕಲಬುರಗಿಯ ಗುಲ್ಬರ್ಗ ವಿಶ್ವವಿದ್ಯಾಲಯದ ಪ್ರಯೋಗಾಲಯಗಳಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಥ ಪಾಲಿಮರ್‌ಗಳ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ.

ಪಾಲಿಅನಿಲಿನ್‌ನ ಆಟ ನೋಡಿದರೆ ಆಯಿಯ ತಟ್ಟೆಯೇ ನೆನಪಾಗಬೇಕು. ಅದರ ಒಂದು ರೂಪ ನೀಲಿ; ಅದರಲ್ಲಿ ವಿದ್ಯುತ್ ಹರಿಯದು. ಆಮ್ಲಕ್ಕೆ ಅದ್ದಿದರೆ ಹಸಿರಾಗುತ್ತದೆ, ವಾಹಕತೆ ನೂರು ಕೋಟಿ ಪಟ್ಟಿಗೂ ಹೆಚ್ಚು ಏರುತ್ತದೆ. ಅಮೋನಿಯ ತಾಗಿಸಿದರೆ ಮತ್ತೆ ನೀಲಿ, ಮತ್ತೆ ಮೌನ. ಸುಣ್ಣದಿಂದ ಕೆಂಪಾದ ಅರಿಶಿಣಕ್ಕೆ ಲಿಂಬೆ ಹಿಂಡಿದರೆ ಹಳದಿ ಮರಳುತ್ತದಲ್ಲ, ಹಾಗೆ. ಎರಡೂ ಕಡೆ ಓಡಾಡುವುದು ಪ್ರೋಟಾನ್ ಎಂಬ ಒಂದೇ ಕಣ. ಅರಿಶಿಣದಿಂದ ಅದು ಹೊರಹೋಗುತ್ತದೆ, ಪಾಲಿಅನಿಲಿನ್‌ಗೆ ಅದು ಒಳಬರುತ್ತದೆ. ಆಮ್ಲ ಸೇರಿದಾಗ ಸರಪಳಿಯಲ್ಲಿರುವ ಎಲೆಕ್ಟ್ರಾನುಗಳ ಲೆಕ್ಕದಲ್ಲಿ ಒಂದೂ ಹೆಚ್ಚಾಗುವುದಿಲ್ಲ, ಒಂದೂ ಕಡಿಮೆಯಾಗುವುದಿಲ್ಲ. ಮನೆಯೊಳಗೆ ಇದ್ದವರು ಅಷ್ಟೇ ಮಂದಿ, ಬಂದವನೊಬ್ಬ ಅತಿಥಿ. ಆದರೆ ಕೂತಿದ್ದವರೆಲ್ಲ ಎದ್ದು ಓಡಾಡತೊಡಗುತ್ತಾರೆ.

ವಿದ್ಯುತ್ ಸರಪಳಿಯೊಳಗಿತ್ತೇ? ಇಲ್ಲ. ಆಮ್ಲದೊಳಗಿತ್ತೇ? ಅಲ್ಲೂ ಇಲ್ಲ.

ಈ ವಸ್ತುವಿಗೆ ಅರಿಶಿಣದ ಇನ್ನೆರಡು ಗುಣಗಳೂ ಇವೆ ಎಂಬುದು ಬೆರಗಿನ ಮಾತು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದವರು ಪಾಲಿಅನಿಲಿನ್ ಆಂಟಿಆಕ್ಸಿಡೆಂಟ್ ಹೌದೇ ಎಂದು ನೋಡಿದರು. ಅದಕ್ಕಿರುವ ಪರೀಕ್ಷೆ ಸರಳ: ಕಡುನೇರಳೆ ದ್ರಾವಣವೊಂದರಲ್ಲಿ ಜೊತೆಗಾರನಿಲ್ಲದ ಎಲೆಕ್ಟ್ರಾನ್ ಹೊತ್ತ ಅಣುಗಳು ಅಲೆಯುತ್ತಿರುತ್ತವೆ. ಅವಕ್ಕೆ ತನ್ನದೊಂದನ್ನು ಕೊಟ್ಟು ಶಾಂತ ಮಾಡುವ ವಸ್ತು ಬಿದ್ದರೆ ನೇರಳೆ ಬಣ್ಣ ಹಳದಿಗೆ ಇಳಿಯುತ್ತದೆ. ಕರ್ಕ್ಯುಮಿನ್ ಮಾಡುವುದೂ ಇದನ್ನೇ, ಪಾಲಿಅನಿಲಿನ್ ಮಾಡಿದ್ದೂ ಇದನ್ನೇ. ಇ. ಕೋಲಿ, ಸ್ಟ್ಯಾಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾಗಳನ್ನು ಅದು ತಡೆಯುತ್ತದೆಂದೂ ಪ್ರಯೋಗಗಳು ತೋರಿಸಿವೆ. ಇದರಿಂದ ಗಾಯದ ಪಟ್ಟಿ ಮಾಡುವ ಯೋಚನೆ ಹುಟ್ಟಿತು. ಗಾಯದ ಅಂಚಿನಲ್ಲಿ ಸಣ್ಣ ವಿದ್ಯುತ್ ಇರುತ್ತದೆ. ಜರ್ಮನಿಯ ದುಬುವಾ-ರೇಮೊಂ 1843ರಲ್ಲೇ ತನ್ನ ಬೆರಳಿನ ಗಾಯದಲ್ಲಿ ಅದನ್ನು ಅಳೆದಿದ್ದ. ಹೊಸ ಚರ್ಮದ ಕೋಶಗಳು ಆ ವಿದ್ಯುತ್ತಿನ ಜಾಡು ಹಿಡಿದು ಸರಿಯುತ್ತವೆ. ಆ ಜಾಡು ಕೆಡಿಸದೆ, ಸೋಂಕು ತಡೆಯುವ ಪಟ್ಟಿ ಸಿಕ್ಕರೆ ಒಳ್ಳೆಯದಲ್ಲವೇ? ತೊಡಕೂ ಇದೆ. ಪಾಲಿಅನಿಲಿನ್ ಒಮ್ಮೊಮ್ಮೆ ಒಳ್ಳೆಯ ಕೋಶಗಳಿಗೂ ಕೆಡುಕು ಮಾಡುತ್ತದೆ. ಅದಕ್ಕೆ ಸರಪಳಿಗಿಂತ, ತಯಾರಿಸುವಾಗ ಒಳಗೆ ಉಳಿದುಹೋದ ಕಲ್ಮಶವೇ ಹೆಚ್ಚಿನ ಕಾರಣ, ಚೆನ್ನಾಗಿ ತೊಳೆದಷ್ಟೂ ಅದು ಸಾಧುವಾಗುತ್ತದೆ.

ಹೀಗೆ ಹೊರಗಿನದೊಂದನ್ನು ಸೇರಿಸಿ ಗುಣ ತರಿಸುವುದಕ್ಕೆ ವಿಜ್ಞಾನಿಗಳು ಡೋಪಿಂಗ್ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಬೆರಕೆ ಎನ್ನಬಹುದು. ಕಲ್ಮಶ ಸೇರಿಸುವುದಕ್ಕೂ ಕನ್ನಡದಲ್ಲಿ ಹೆಚ್ಚುಕಡಿಮೆ ಅದೇ ಮಾತು: ಕಲಬೆರಕೆ.

ಪ್ರೋಟಾನ್ ಕಥೆ ದರ್ಶನಗಳ ಜಗಳವನ್ನು ಮುಗಿಸುವುದಿಲ್ಲ, ಆದರೆ ಮೊಬೈಲಿನ ವಾದದ ಬುಡ ಅಲುಗಿಸುತ್ತದೆ. ಗುಣವು ಡಬ್ಬಿಯೊಳಗಿನ ಸಕ್ಕರೆಯಂತಲ್ಲ, ಕೂಡುವಿಕೆಯಲ್ಲಿ ಏಳುತ್ತದೆ. ಹಾಗೆಂದು ಯಾವುದಕ್ಕೆ ಯಾವುದು ಕೂಡಿದರೂ ಆಗುತ್ತದೆ ಎಂದೂ ಅಲ್ಲ. ಕಡಲೆಹಿಟ್ಟೂ ಹಳದಿಯೇ, ಅದಕ್ಕೆ ಸುಣ್ಣ ಹಾಕಿ ಯಾರೂ ಆರತಿ ಎತ್ತಲಾರರು. ಸಾಂಖ್ಯರ ಅಡಗಿದ ಶಕ್ತಿಯೂ ಬೇಕು, ವೈಶೇಷಿಕರ ಹೊಸ ಹುಟ್ಟೂ ಬೇಕು.

ಭಂಡಾರದ ಪಾವಿತ್ರ್ಯವನ್ನೂ ಹೀಗೆ ನೋಡಲು ಬಂದೀತೇ? ಬೈಲಹೊಂಗಲದಲ್ಲಿ ಕಿತ್ತೂರು ಚನ್ನಮ್ಮನ ಸಮಾಧಿ ಇದೆ. 1824ರಲ್ಲಿ ಕಿತ್ತೂರಿನಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಪಡೆಯನ್ನು ಸೋಲಿಸಿದ ರಾಣಿ 1829ರಲ್ಲಿ ಇಲ್ಲಿ ಸೆರೆಯಲ್ಲೇ ತೀರಿಕೊಂಡಳು. ಅಲ್ಲಿಯ ಹಿಡಿ ಮಣ್ಣನ್ನೂ ಊರಾಚೆಯ ಹೊಲದ ಹಿಡಿ ಮಣ್ಣನ್ನೂ ಪ್ರಯೋಗಾಲಯಕ್ಕೆ ಕೊಟ್ಟರೆ ಸುಣ್ಣದ ಅಂಶ ಇಷ್ಟು, ರಂಜಕ ಇಷ್ಟು ಎಂಬ ವರದಿ ಬರುತ್ತದೆ. ಯಾವುದರ ಮುಂದೆ ಚಪ್ಪಲಿ ಬಿಡಬೇಕೆಂಬುದು ಅದರಲ್ಲಿ ಇರುವುದಿಲ್ಲ. ಚಪ್ಪಲಿ ಬಿಡುವವನು ಭ್ರಮೆಯಲ್ಲಿಲ್ಲ. ಆ ಮಣ್ಣು, ಆ ಸಾವು, ಈ ಊರು ಕೂಡಿದ ಕಡೆ ಅವನು ನಿಂತಿದ್ದಾನೆ.

ಕ್ರಿಮಿನಾಶಕದ ವಾದವನ್ನು ಒಪ್ಪಿದರೆ ಬರುವ ತೊಂದರೆ ಇನ್ನೊಂದಿದೆ. ಇದೇ ಎಲ್ಲಮ್ಮನ ಹೆಸರಿನಲ್ಲಿ ಬೇವಿನುಡುಗೆಯ ಹರಕೆ ನಡೆಯುತ್ತಿತ್ತು. ಮೈಗೆ ಬೇವಿನ ಸೊಪ್ಪು ಕಟ್ಟಿಕೊಂಡು ಹೆಣ್ಣುಮಕ್ಕಳು ಗುಡಿ ಸುತ್ತುತ್ತಿದ್ದರು. ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯಲ್ಲಿ ಇದೇ ದೇವಿಗೆ ನಡೆಯುತ್ತಿದ್ದ ಬೆತ್ತಲೆ ಸೇವೆ 1986ರ ಗಲಾಟೆಯ ನಂತರ ನಿಷೇಧವಾಯಿತು. ದೇವದಾಸಿ ಸಮರ್ಪಣೆಯನ್ನು 1982ರ ಕಾಯ್ದೆ ತಡೆಯಿತು. ಬೇವೂ ಕ್ರಿಮಿನಾಶಕವೇ, ಅರಿಶಿಣದಷ್ಟೇ ಗಟ್ಟಿಯಾದ ಪ್ರಮಾಣಪತ್ರ ಅದಕ್ಕೂ ಸಿಕ್ಕೀತು. ಆದರೆ ಬೇವಿನುಡುಗೆ ಸಲ್ಲದು ಎಂದವರು ಎಲೆಯ ರಸಾಯನ ನೋಡಲಿಲ್ಲ, ಅದನ್ನು ಉಟ್ಟವಳ ಮುಖ ನೋಡಿದರು. ಎಲೆ ಅದೇ, ಯುಗಾದಿಯ ಬಟ್ಟಲಲ್ಲಿ ಬೆಲ್ಲದ ಜೊತೆ ಬಂದಾಗ ಯಾರ ತಕರಾರೂ ಇಲ್ಲ.

ಸುಗಂಧವರ್ತಿಯ ಜೈನ ಮುನಿಯೊಬ್ಬರನ್ನು ಕೇಳಿದ್ದರೆ ಪ್ರಶ್ನೆಯನ್ನೇ ತಿರುಗಿಸುತ್ತಿದ್ದರೇನೋ. ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು ನೀರಿನಲ್ಲಿ, ಗಾಳಿಯಲ್ಲಿ, ಗಡ್ಡೆಗಳಲ್ಲಿ ತುಂಬಿವೆ ಎಂದು ಜೈನರು ಸೂಕ್ಷ್ಮದರ್ಶಕ ಬರುವ ಎಷ್ಟೋ ಮೊದಲೇ ಹೇಳಿದ್ದರು. ಅದಕ್ಕೇ ನೀರು ಸೋಸುವುದು. ಅವುಗಳನ್ನು ಕೊಲ್ಲುವುದು ಗುಣ ಎಂದು ನೀವು ಹೊಗಳುತ್ತೀರಿ, ಯಾರ ಕಡೆಯಿಂದ ನೋಡಿ ಹೊಗಳುತ್ತೀರಿ? ಗಾಯಗೊಂಡವನ ಕಡೆಯಿಂದ ಎಂದರೆ ಸರಿ. ಆಗಲೂ ಗುಣ ಎಂಬುದು ಪುಡಿಯಲ್ಲಿಲ್ಲ, ನೋಡುವ ಕಡೆಗೆ ಸೇರಿಕೊಂಡೇ ಇದೆ.

ಹಾಗಾದರೆ ಪುಡಿ ಯಾವುದಾದರೇನು, ಭಕ್ತಿ ಇದ್ದರೆ ಸಾಕು ಎನ್ನುವ ಸುಲಭದ ದಾರಿ ಈಗ ತೆರೆದಂತೆ ಕಾಣುತ್ತದೆ. ರಾಮದುರ್ಗ ತಾಲ್ಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ಶಬರಿ ರಾಮನಿಗಾಗಿ ಕಾದದ್ದು ಇಲ್ಲೇ ಎಂದು ಜನ ನಂಬುತ್ತಾರೆ. ಎಂಜಲಾದ ಬೋರೆಹಣ್ಣನ್ನು ರಾಮ ತಿಂದ, ಭಕ್ತಿಯ ಮುಂದೆ ಮಡಿ ಮೈಲಿಗೆ ಏನೂ ಅಲ್ಲ ಎಂದು ಆ ಕಥೆಯನ್ನು ಹೇಳುವುದು ರೂಢಿ. ಆದರೆ ಶಬರಿ ಕಚ್ಚಿದ್ದು ಏಕೆ? ಹುಳಿ ಹಣ್ಣು ರಾಮನ ಬಾಯಿಗೆ ಹೋಗಬಾರದೆಂದು. ಭಕ್ತಿ ಇದೆಯಲ್ಲ, ಯಾವ ಹಣ್ಣಾದರೇನು ಎಂದು ಅವಳು ಕೂರಲಿಲ್ಲ. ಒಂದೊಂದನ್ನೂ ಪರೀಕ್ಷಿಸಿದಳು. ಅವಳ ಎಂಜಲು ಪ್ರೀತಿಯ ಗುರುತು ಹೌದು, ಗುಣಮಟ್ಟದ ಪರೀಕ್ಷೆಯೂ ಹೌದು.

ಭಂಡಾರಕ್ಕೆ ಬೇಕಾದದ್ದು ಆ ನಾಲಿಗೆ. ಅರಿಶಿಣದಲ್ಲಿ ಕಲಬೆರಕೆಗೆ ಬಳಸುವ ಬಣ್ಣಗಳಲ್ಲಿ ಮೆಟಾನಿಲ್ ಯೆಲ್ಲೊ ಎಂಬುದೊಂದು. ಆಹಾರದಲ್ಲಿ ಅದಕ್ಕೆ ಅನುಮತಿ ಇಲ್ಲ. ಅದೂ ಅನಿಲಿನ್ ಮನೆತನದ್ದೇ, ಪಾಲಿಅನಿಲಿನ್‌ನ ದಾಯಾದಿ. ಸೀಸದ ಕ್ರೋಮೇಟ್ ಇನ್ನೊಂದು. ಸೀಸ ಮಕ್ಕಳ ಮಿದುಳಿಗೆ ಕೆಡುಕು. ಪತ್ತೆ ಹಚ್ಚುವುದು ಕಷ್ಟವಲ್ಲ. ಪುಡಿಯನ್ನು ನೀರಲ್ಲಿ ಕದಡಿ ಹೈಡ್ರೋಕ್ಲೋರಿಕ್ ಆಮ್ಲದ ನಾಲ್ಕು ಹನಿ ಬಿಟ್ಟರೆ ಮೆಟಾನಿಲ್ ಯೆಲ್ಲೊ ಇದ್ದಲ್ಲಿ ಗುಲಾಬಿ ಬಣ್ಣ ಬಂದು, ಎಷ್ಟು ನೀರು ಸುರಿದರೂ ಹೋಗುವುದಿಲ್ಲ. ‘ಪೂಜೆಗೆ ಮಾತ್ರ’ ಎಂದು ಅಚ್ಚು ಹಾಕಿದ ಪೊಟ್ಟಣ ಆಹಾರದ ಕಾನೂನಿನ ಕಣ್ಣಿನಿಂದ ಜಾರಿಕೊಳ್ಳಬಹುದು. ಗುಡ್ಡದಲ್ಲಿ ಅದೇ ಪುಡಿ ಹಸುಗೂಸಿನ ಹಣೆಗೆ, ಮುದುಕಿಯ ನಾಲಿಗೆಗೆ ಹೋಗುತ್ತದೆ. ಪಾವಿತ್ರ್ಯ ಬರೀ ಮನಸ್ಸಿನದಾಗಿದ್ದರೆ ಬಣ್ಣ ಹಾಕಿದ ಪಿಷ್ಟವೇ ಸಾಕಿತ್ತು. ಬರೀ ಪುಡಿಯದಾಗಿದ್ದರೆ ಅಡುಗೆಮನೆಯ ಡಬ್ಬಿ ಮುಚ್ಚಳ ತೆಗೆದಾಗಲೆಲ್ಲ ‘ಉಧೋ’ ಎನ್ನಬೇಕಿತ್ತು. ಕೂಡುವಿಕೆಯಲ್ಲಿ ಹುಟ್ಟುವುದೆಂದರೆ ಕೂಡುವ ಎರಡೂ ತಾವು ಹೇಳಿಕೊಂಡದ್ದೇ ಆಗಿರಬೇಕು. ಹಾಗಾಗಿ ಸುಳ್ಳು ಭಂಡಾರ ಮಾರುವವನ ತಪ್ಪು ಆರೋಗ್ಯ ಇಲಾಖೆಯ ಪುಸ್ತಕದಲ್ಲಿ ಮುಗಿಯದು. ಅವನು ಆಚರಣೆಯ ಒಂದು ಕಾಲನ್ನೇ ಮುರಿದಿದ್ದಾನೆ.

ಹುಣ್ಣಿಮೆ ಕಳೆದ ಮರುದಿನ ಊರೂರಲ್ಲಿ ಬಟ್ಟೆ ಒಗೆಯುವ ಸದ್ದು. ರಾಮದುರ್ಗದಲ್ಲೋ ಕಿತ್ತೂರಿನಲ್ಲೋ ಹಿತ್ತಲ ಕಲ್ಲಿನ ಮೇಲೆ ಬಿಳಿಯ ಧೋತರವೊಂದನ್ನು ಹರಡಿ ಸಾಬೂನು ತಿಕ್ಕುತ್ತಾರೆ. ಭಂಡಾರ ಬಿದ್ದ ಕಡೆಯೆಲ್ಲ ಕೆಂಪು ಕಲೆ ಏಳುತ್ತದೆ, ಸಾಬೂನೂ ಕ್ಷಾರವೇ. ಮೊದಲ ಸಲ ಒಗೆಯುವ ಹೊಸ ಸೊಸೆ ಗಾಬರಿಯಾಗಿ ಅತ್ತೆಯನ್ನು ಕರೆಯುತ್ತಾಳೆ. ಅತ್ತೆ ಎದ್ದು ಬರುವುದೂ ಇಲ್ಲ. ಎರಡು ಕೊಡ ನೀರು ಹಾಯಿಸಿದರೆ ಕಲೆ ಮತ್ತೆ ಹಳದಿ. ಹಗ್ಗದ ಮೇಲೆ ಬಿಸಿಲಿಗೆ ಹಾಕಿದರೆ ಸಂಜೆಯ ಹೊತ್ತಿಗೆ ಅದೂ ತೆಳುವಾಗುತ್ತ ಬರುತ್ತದೆ. ಕರ್ಕ್ಯುಮಿನ್ ಬೆಳಕು ತಾಳದು. ಧೋತರ ಮಡಚುವಾಗ ಅಂಚಿನ ಹೊಲಿಗೆಯ ಸಂದಿನಲ್ಲಿ ಒಂದಿಷ್ಟು ಹಳದಿ ಉಳಿದಿರುತ್ತದೆ, ಬಿಸಿಲು ತಾಗದ ಕಡೆ.